ಹಂದಿ ಸತ್ತ ಲೆಕ್ಕ ಯಾರಿಗೆ ಬೇಕು? ಭತ್ತದ ಬಯಲಿನಲ್ಲಿ ರೋಗ ಪತ್ತೆ, ರೋಗ ತಡೆ

ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿ ಕಡೆಯ ಊರುಗಳಲ್ಲಿ ಹಂದಿ ದಿನಬೆಳಗಾದರೆ ಕಣ್ಣಿಗೆ ಬೀಳುವ ಪ್ರಾಣಿ. ಚರಂಡಿಯ ಬದಿ, ಸಂತೆ ಮುಗಿದ ಬಯಲು, ಕಲ್ಯಾಣ ಮಂಟಪದ ಹಿಂಭಾಗ ಅದರ ಓಡಾಟದ ಜಾಗ. ಬದುಕಿರುವಷ್ಟು ದಿನ ಅದನ್ನು ಎಣಿಸುವವರಿಲ್ಲ. ಒಂದು ಸತ್ತರೆ ಪೌರಕಾರ್ಮಿಕರು ಟ್ರ್ಯಾಕ್ಟರ್‌ಗೆ ಹಾಕಿಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಒಂದೇ ವಾರದಲ್ಲಿ ಐದಾರು ಸತ್ತರೆ ಮಾತ್ರ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು ಎಚ್ಚರಗೊಳ್ಳುತ್ತದೆ. ಇದು ಹಂದಿ ಜ್ವರವೇ? ನಮಗೂ ಬರುತ್ತದೆಯೇ? ಮಕ್ಕಳ ಮಿದುಳು ಜ್ವರ ಇದರಿಂದಲೇ ಅಲ್ಲವೇ? ಹಂದಿ ಮಾಂಸ ತಿನ್ನುವವರ ಗತಿ ಏನು?

ಪ್ರಶ್ನೆಗಳು ನ್ಯಾಯವಾದವೇ. ಆದರೆ ಎಲ್ಲಕ್ಕೂ ಒಂದೇ ಉತ್ತರವಿಲ್ಲ. ಹಂದಿಗೆ ಬರುವ ರೋಗಗಳಲ್ಲಿ ಕೆಲವು ಹಂದಿಯನ್ನು ಮಾತ್ರ ಕೊಲ್ಲುತ್ತವೆ. ಇನ್ನು ಕೆಲವು ಹಂದಿಗೆ ಹೆಚ್ಚೇನೂ ಮಾಡದೆ ಮನುಷ್ಯರ ಮಕ್ಕಳ ಜೀವಕ್ಕೆ ಎರವಾಗುತ್ತವೆ. ಮೊದಲನೆಯ ಬಗೆಯಲ್ಲಿ ಸತ್ತ ಹಂದಿಯೇ ಸುಳಿವು. ಎರಡನೆಯ ಬಗೆಯಲ್ಲಿ ಸುಳಿವು ಇರುವುದು ಗಟ್ಟಿಮುಟ್ಟಾಗಿ ಓಡಾಡುತ್ತಿರುವ ಹಂದಿಯ ರಕ್ತದಲ್ಲಿ. ಈ ಎರಡೂ ಸುಳಿವುಗಳನ್ನು ಬಿಡದೆ ಹುಡುಕುವ ಕೆಲಸಕ್ಕೆ ರೋಗ ಕಣ್ಗಾವಲು ಎನ್ನುತ್ತಾರೆ. ಇಲ್ಲಿ ಹೇಳಲಿರುವ ವೈರಸ್ ರೋಗಗಳಲ್ಲಿ ಯಾವುದನ್ನೂ ಹಂದಿಗೆ ಔಷಧ ಕೊಟ್ಟು ವಾಸಿ ಮಾಡಲು ಬರುವುದಿಲ್ಲ. ಹಾಗಾಗಿ ಎಷ್ಟು ಬೇಗ ಗೊತ್ತಾಯಿತು ಎನ್ನುವುದರ ಮೇಲೆಯೇ ಉಳಿದದ್ದೆಲ್ಲ ನಿಂತಿದೆ.

ಯಾವ ಹಂದಿ ಜ್ವರ?

2009ರಲ್ಲಿ ಜಗತ್ತನ್ನೆಲ್ಲ ಸುತ್ತಿದ ಎಚ್‌1ಎನ್‌1 ಸೋಂಕನ್ನು ನಮ್ಮಲ್ಲಿ ಹಂದಿ ಜ್ವರ ಎಂದು ಕರೆದದ್ದರಿಂದ ಆದ ಗೊಂದಲ ಇನ್ನೂ ಉಳಿದಿದೆ. ಅದು ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು, ಸೀನಿನ ಮೂಲಕ ದಾಟುವ ಫ್ಲೂ. ಪಕ್ಕದ ಮನೆಯವರಿಗೆ ಎಚ್‌1ಎನ್‌1 ಬಂದರೆ ಬೀದಿಯ ಹಂದಿಯನ್ನು ಹೊಣೆ ಮಾಡುವುದರಲ್ಲಿ ಅರ್ಥವಿಲ್ಲ.

ಹಂದಿ ಸಾಕುವವರ ನಿದ್ದೆ ಕೆಡಿಸುವ ಜ್ವರಗಳು ಬೇರೆ ಎರಡು. ಒಂದು, ಹಳೆಯ ಹಂದಿ ಜ್ವರ. ಪಶುವೈದ್ಯರು ಇದನ್ನು ಕ್ಲಾಸಿಕಲ್ ಸ್ವೈನ್ ಫೀವರ್ ಎನ್ನುತ್ತಾರೆ. ಭಾರತದಲ್ಲಿ ಬಹುಕಾಲದಿಂದ ಇದೆ, ಇದಕ್ಕೆ ಲಸಿಕೆಯೂ ಇದೆ. ಇನ್ನೊಂದು, ಆಫ್ರಿಕನ್ ಹಂದಿ ಜ್ವರ. 1921ರಲ್ಲಿ ಕೀನ್ಯಾದಲ್ಲಿ ಮೊದಲ ಬಾರಿಗೆ ದಾಖಲಾದ ಈ ರೋಗ 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂತು, 2018ರಲ್ಲಿ ಚೀನಾಕ್ಕೆ ಕಾಲಿಟ್ಟಿತು, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶದ ಮೂಲಕ ಭಾರತದೊಳಕ್ಕೆ ಬಂತು. 2022ರ ಜುಲೈನಲ್ಲಿ ಕೇರಳದ ವಯನಾಡಿನಲ್ಲಿ ದೃಢಪಟ್ಟಾಗ ನಮ್ಮ ರಾಜ್ಯದ ಗಡಿಯವರೆಗೂ ಬಂದಂತಾಯಿತು. ಅದರ ವೈರಸ್ಸಿಗೆ ಕಾಲಿಲ್ಲ. ಇಷ್ಟು ದೂರವನ್ನು ಅದು ಕ್ರಮಿಸಿದ್ದು ಬಹುಪಾಲು ಮನುಷ್ಯರ ಲಾರಿಯಲ್ಲಿ, ಮಾಂಸದ ಚೀಲದಲ್ಲಿ, ಉಳಿಕೆ ಆಹಾರದಲ್ಲಿ.

ಎರಡು ವೈರಸ್ಸುಗಳೂ ಪರಸ್ಪರ ನೆಂಟರಲ್ಲ, ಆದರೆ ಕಾಯಿಲೆ ಬಿದ್ದ ಹಂದಿಯನ್ನು ನೋಡಿ ಯಾವುದು ಯಾವುದೆಂದು ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಹಂದಿಯ ಸಹಜ ಮೈಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್. ರೋಗ ಬಂದಾಗ ಅದು 41, 42ಕ್ಕೆ ಏರುತ್ತದೆ. ಹಂದಿ ಮೇವು ಬಿಡುತ್ತದೆ, ಒಂದರ ಮೈಗೆ ಒಂದು ಒತ್ತಿಕೊಂಡು ಮೂಲೆಯಲ್ಲಿ ಬೀಳುತ್ತವೆ, ಕಿವಿ, ಹೊಟ್ಟೆ, ತೊಡೆಯ ಸಂದಿನಲ್ಲಿ ಕೆಂಪು-ನೇರಳೆ ಮಚ್ಚೆಗಳು ಏಳುತ್ತವೆ. ಕಪ್ಪು ಚರ್ಮದ ನಾಟಿ ಹಂದಿಯಲ್ಲಿ ಈ ಮಚ್ಚೆ ಕಾಣುವುದೇ ಇಲ್ಲ ಎನ್ನುವಷ್ಟು ಮಸುಕು. ಪಠ್ಯಪುಸ್ತಕದ ಚಿತ್ರಗಳೆಲ್ಲ ಬಿಳಿ ಯಾರ್ಕ್‌ಶೈರ್ ಹಂದಿಗಳವು. ನಮ್ಮೂರಿನಲ್ಲಿ ಮಚ್ಚೆಗಾಗಿ ಕಾಯುತ್ತ ಕುಳಿತರೆ ಹಿಂಡೇ ಕೈಬಿಟ್ಟು ಹೋಗಬಹುದು. ಮೇವು ಬಿಟ್ಟದ್ದು ಮತ್ತು ಜ್ವರ, ಇವೆರಡೇ ಮೊದಲ ಸೂಚನೆ ಎಂದು ಇಟ್ಟುಕೊಳ್ಳುವುದು ಲೇಸು.

ಹಳೆಯ ಹಂದಿ ಜ್ವರಕ್ಕೆ ಲಸಿಕೆಯನ್ನು ನಮ್ಮಲ್ಲಿ ಬಹುಕಾಲ ಮೊಲಗಳ ದೇಹದಲ್ಲಿ ಬೆಳೆಸಿ ತಯಾರಿಸುತ್ತಿದ್ದರು. ಒಂದು ಮೊಲದಿಂದ ಸಿಗುತ್ತಿದ್ದದ್ದು ಸುಮಾರು 50 ಡೋಸ್. ದೇಶದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ ಇದ್ದ ಹಂದಿಗಳು ಸುಮಾರು 90.6 ಲಕ್ಷ. ಲಸಿಕೆಗೆ ಬರ ಯಾಕಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಮೊಲದ ಹಂಗಿಲ್ಲದೆ ಜೀವಕೋಶಗಳಲ್ಲಿ ಬೆಳೆಸುವ ಲಸಿಕೆಯನ್ನು ರೂಪಿಸಿತು, ಅದು 2020ರಲ್ಲಿ ಬಿಡುಗಡೆಯಾಯಿತು. ಮರಿಗೆ ಎರಡು-ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವರ್ಷಕ್ಕೊಮ್ಮೆ ಎನ್ನುವುದು ವಾಡಿಕೆ. ಆಫ್ರಿಕನ್ ಹಂದಿ ಜ್ವರಕ್ಕೆ ವಿಯೆಟ್ನಾಂ ಕೆಲವು ಲಸಿಕೆಗಳನ್ನು ಬಳಕೆಗೆ ತಂದಿದೆ. ಭಾರತದ ಹೋರಾಟ ಮಾತ್ರ ಬೇಲಿ, ಸ್ವಚ್ಛತೆ ಮತ್ತು ಕೊಲ್ಲುವಿಕೆಯನ್ನೇ ನೆಚ್ಚಿಕೊಂಡಿದೆ.

ಈ ಎರಡು ಜ್ವರಗಳೂ ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿ ಜ್ವರವೂ ಮನುಷ್ಯರಿಗೆ ತೊಂದರೆ ಕೊಡುವ ರೋಗವಲ್ಲ, ಆದರೆ ಊರಿನ ಎಮ್ಮೆ, ಹಸುಗಳಿಗೆ ಅದು ಕಂಟಕ. ಸೋಂಕು ತಗುಲಿದ ಒಂದು ಹಂದಿ ಉಸಿರಿನಲ್ಲಿ ಹೊರಹಾಕುವ ಆ ವೈರಸ್ಸಿನ ಪ್ರಮಾಣ ಒಂದು ದನ ಹೊರಹಾಕುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ದನ, ಎಮ್ಮೆ, ಕುರಿ, ಮೇಕೆಗಳ ಜೊತೆ ಹಂದಿಯನ್ನೂ ಕಾಲುಬಾಯಿ ಲಸಿಕೆಯ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಭತ್ತ, ಬೆಳ್ಳಕ್ಕಿ, ಸೊಳ್ಳೆ, ಹಂದಿ

ಈಗ ಮನುಷ್ಯರಿಗೆ ನಿಜಕ್ಕೂ ತಟ್ಟುವ ರೋಗಕ್ಕೆ ಬರೋಣ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರಕ್ಕೂ ತುಂಗಭದ್ರಾ ಕಾಲುವೆಗಳ ಬಯಲಿಗೂ ಹಳೆಯ ನಂಟು. 2006ರಲ್ಲಿ ದೇಶದಲ್ಲಿ ಮಕ್ಕಳಿಗೆ ಈ ರೋಗದ ಲಸಿಕೆ ಹಾಕುವ ಅಭಿಯಾನ ಆರಂಭವಾದಾಗ ನಾಲ್ಕು ರಾಜ್ಯಗಳ 11 ಜಿಲ್ಲೆಗಳನ್ನು ಮಾತ್ರ ಆರಿಸಿಕೊಂಡಿದ್ದರು. ಕರ್ನಾಟಕದಿಂದ ಆಯ್ಕೆಯಾಗಿದ್ದು ಬಳ್ಳಾರಿ.

ವೈರಸ್ಸಿನ ಮೂಲ ಮನೆ ಬೆಳ್ಳಕ್ಕಿ, ಕೊಕ್ಕರೆಯಂಥ ನೀರುಹಕ್ಕಿಗಳು. ಹಕ್ಕಿಯ ರಕ್ತ ಹೀರಿದ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹೊತ್ತು ತರುತ್ತದೆ. ಈ ಸೊಳ್ಳೆ ಮೊಟ್ಟೆಯಿಡಲು ಬಯಸುವುದು ನಿಂತ, ಬಿಸಿಲು ಬೀಳುವ, ಹಸಿರು ಇರುವ ನೀರನ್ನು. ನಾಟಿ ಮಾಡಿದ ಭತ್ತದ ಗದ್ದೆಗಿಂತ ಹೇಳಿ ಮಾಡಿಸಿದ ಜಾಗ ಅದಕ್ಕೆ ಇನ್ನೊಂದಿಲ್ಲ. ಎಡದಂಡೆ ಕಾಲುವೆಗೆ ನೀರು ಬಿಟ್ಟು ಕಾರಟಗಿಯಿಂದ ಮಾನ್ವಿಯವರೆಗೆ ನಾಟಿ ಮುಗಿಯುವ ಹೊತ್ತಿಗೆ ಸೊಳ್ಳೆಯ ಸಂತತಿ ಏರತೊಡಗುತ್ತದೆ. ಅದು ಸಂಜೆಯಾಗುತ್ತಿದ್ದಂತೆ ಕಚ್ಚಲು ಹೊರಡುತ್ತದೆ, ಮೊದಲು ಹುಡುಕುವುದು ದನ, ಹಂದಿಗಳನ್ನು.

ಹಂದಿಯ ಪಾತ್ರ ಇಲ್ಲಿದೆ. ದನವನ್ನು ಸೊಳ್ಳೆ ಎಷ್ಟೇ ಕಚ್ಚಿದರೂ ಅದರ ರಕ್ತದಲ್ಲಿ ವೈರಸ್ಸು ಇನ್ನೊಂದು ಸೊಳ್ಳೆಗೆ ಅಂಟುವಷ್ಟು ಬೆಳೆಯುವುದಿಲ್ಲ. ಹಂದಿಯ ರಕ್ತದಲ್ಲಿ ಬೆಳೆಯುತ್ತದೆ. ಎರಡರಿಂದ ನಾಲ್ಕು ದಿನ ಅದರ ರಕ್ತ ವೈರಸ್ಸಿನಿಂದ ತುಂಬಿರುತ್ತದೆ, ಆ ದಿನಗಳಲ್ಲಿ ಕಚ್ಚಿದ ಸೊಳ್ಳೆಗಳು ಸೋಂಕನ್ನು ಹೊತ್ತೊಯ್ಯುತ್ತವೆ. ಒಮ್ಮೆ ಸೋಂಕು ಬಂದು ಹೋದ ಹಂದಿಗೆ ಮತ್ತೆ ಬರುವುದಿಲ್ಲ. ಆದರೆ ಹಂದಿ ಸಂಸಾರ ದೊಡ್ಡದು, ಆಯಸ್ಸು ಚಿಕ್ಕದು: ಗರ್ಭ ನಿಂತ 114 ದಿನಕ್ಕೆ ಒಂದು ಸೂಲಿನಲ್ಲಿ ಎಂಟು-ಹತ್ತು ಮರಿ, ವರ್ಷ ತುಂಬುವ ಮೊದಲೇ ಹೆಚ್ಚಿನವು ಮಾಂಸಕ್ಕೆ. ಅಂದರೆ ಪ್ರತಿ ಮಳೆಗಾಲಕ್ಕೂ ವೈರಸ್ಸಿಗೆ ಹೊಚ್ಚಹೊಸ ಹಿಂಡು ಸಿದ್ಧವಾಗಿರುತ್ತದೆ.

ಹಂದಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗಬ್ಬದ ಹಂದಿಗೆ ಮಾತ್ರ ಪೆಟ್ಟು ಬೀಳುತ್ತದೆ. ಅದು ಕಂದು ಹಾಕಬಹುದು, ಸತ್ತ ಅಥವಾ ಒಣಗಿ ಕಪ್ಪಾದ ಮರಿಗಳನ್ನು ಹಾಕಬಹುದು. 2022ರ ಆರಂಭದಲ್ಲಿ ಆಸ್ಟ್ರೇಲಿಯಾದ ನಾಲ್ಕು ರಾಜ್ಯಗಳ ಹಂದಿ ಫಾರಂಗಳಲ್ಲಿ ಹೀಗೆ ಸತ್ತ, ವಿಕಾರವಾದ ಮರಿಗಳು ಹುಟ್ಟತೊಡಗಿದ್ದೇ ಅಲ್ಲಿ ಮಿದುಳು ಜ್ವರ ಹಬ್ಬಿರುವುದನ್ನು ಬಯಲಿಗೆಳೆಯಿತು. ನಮ್ಮ ಕಡೆ ಚರಂಡಿಯ ಬದಿಯಲ್ಲಿ ಹಂದಿ ಸತ್ತ ಮರಿ ಹಾಕಿದರೆ ನಾಯಿಗಳಿಗೆ ಗೊತ್ತಾಗುತ್ತದೆ, ಪಶು ಆಸ್ಪತ್ರೆಗೆ ಗೊತ್ತಾಗುವುದಿಲ್ಲ.

ಮನುಷ್ಯರಲ್ಲಿ ಸೋಂಕು ತಗುಲಿದ ಬಹುತೇಕರಿಗೆ ಏನೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಮಾರು 250 ಸೋಂಕಿತರಲ್ಲಿ ಒಬ್ಬರಿಗೆ ಕಾಯಿಲೆ ತೀವ್ರವಾಗುತ್ತದೆ. ಹಾಗಾದವರಲ್ಲಿ ನೂರಕ್ಕೆ 30ರವರೆಗೆ ಸಾಯಬಹುದು, ಬದುಕಿದವರಲ್ಲಿ ಹಲವರಿಗೆ ಫಿಟ್ಸ್, ಕೈಕಾಲು ಸ್ವಾಧೀನ ತಪ್ಪುವುದು, ಮಾತು ಹೋಗುವುದು ಉಳಿದುಬಿಡುತ್ತದೆ. ಮನುಷ್ಯರ ರಕ್ತದಿಂದ ಸೊಳ್ಳೆಗೆ ಸೋಂಕು ಹಿಂದಿರುಗುವುದಿಲ್ಲ. ಹಂದಿಯನ್ನು ಮುಟ್ಟಿದರೆ, ಅದರ ಮಾಂಸ ತಿಂದರೆ ಮಿದುಳು ಜ್ವರ ಬರುವುದಿಲ್ಲ. ನಡುವೆ ಸೊಳ್ಳೆ ಇರಲೇಬೇಕು. ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಲಸಿಕೆಯನ್ನು ಈ ಭಾಗದಲ್ಲಿ ಉಚಿತವಾಗಿ ಹಾಕುವುದು ಇದಕ್ಕಾಗಿಯೇ. ತಾಯಿ ಕಾರ್ಡಿನಲ್ಲಿ ಅದು ಜೆಇ ಎಂಬ ಹೆಸರಿನಲ್ಲಿರುತ್ತದೆ.

ಮರಿ ಹಂದಿಯ ರಕ್ತ ಹೇಳುವ ಸುದ್ದಿ

ಕಾಯಿಲೆಯನ್ನು ತೋರಿಸದ ಹಂದಿಯಿಂದ ಸುಳಿವು ಪಡೆಯುವುದು ಹೇಗೆ? ಸೋಂಕು ಬಂದು ಹೋದ ಮೇಲೆ ದೇಹದಲ್ಲಿ ಪ್ರತಿಕಾಯಗಳು ಉಳಿಯುತ್ತವೆ. ಪ್ರತಿಕಾಯ ಎಂದರೆ ಆ ವೈರಸ್ಸನ್ನು ಎದುರಿಸಲು ದೇಹ ತಾನೇ ತಯಾರಿಸಿಕೊಂಡ ಪ್ರೋಟೀನ್. ರಕ್ತದಲ್ಲಿ ಅದು ಸಿಕ್ಕರೆ ಈ ಹಂದಿಗೆ ಎಂದೋ ಸೋಂಕು ತಗುಲಿತ್ತು ಎಂದರ್ಥ. ತೊಡಕು ಇರುವುದು ‘ಎಂದೋ’ ಎನ್ನುವುದರಲ್ಲಿ. ಮೂರು ವರ್ಷದ ತಾಯಿ ಹಂದಿಯ ರಕ್ತ ಪರೀಕ್ಷಿಸಿದರೆ ಹೋದ ವರ್ಷದ ಸೋಂಕೋ, ಹೋದ ವಾರದ್ದೋ ತಿಳಿಯದು. ಹಾಗಾಗಿ ಜಾಣರು ಎಳೆಯ ಹಂದಿಗಳ ರಕ್ತ ತೆಗೆಯುತ್ತಾರೆ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಗೆ ಕೆಲವು ತಿಂಗಳಾಗುವಷ್ಟರಲ್ಲಿ ಕರಗಿ ಹೋಗುತ್ತವೆ. ಹಾಗೆ ಖಾಲಿಯಾಗಿದ್ದ ಐದಾರು ತಿಂಗಳ ಹಂದಿಯಲ್ಲಿ ಪ್ರತಿಕಾಯ ಮತ್ತೆ ಕಂಡರೆ ಅದು ಈ ಹಂಗಾಮಿನ ಸೋಂಕು, ಇದೇ ಊರಿನ ಸೊಳ್ಳೆಯದು. ಜಪಾನಿನಲ್ಲಿ 1960ರ ದಶಕದಿಂದ ಪ್ರತಿ ಬೇಸಿಗೆಯಲ್ಲೂ ಕಸಾಯಿಖಾನೆಗೆ ಬರುವ ಎಳೆಯ ಹಂದಿಗಳ ರಕ್ತವನ್ನು ಪ್ರಾಂತ್ಯವಾರು ಪರೀಕ್ಷಿಸುತ್ತ ಬಂದಿದ್ದಾರೆ. ಅರ್ಧಕ್ಕಿಂತ ಹೆಚ್ಚು ಹಂದಿಗಳಲ್ಲಿ ಸೋಂಕಿನ ಗುರುತು ಕಂಡ ಪ್ರಾಂತ್ಯದ ಜನರಿಗೆ ಸೊಳ್ಳೆಯ ಬಗ್ಗೆ ಎಚ್ಚರಿಕೆ ಹೋಗುತ್ತದೆ.

ಎಷ್ಟು ಹಂದಿಗಳನ್ನು ಪರೀಕ್ಷಿಸಬೇಕು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಹಂದಿಯ ಹಿಂಡಿಗೆ ಈ ಲೆಕ್ಕ ನಡೆಯುವುದಿಲ್ಲ. ಪಾತ್ರೆಯ ಅಗುಳುಗಳೆಲ್ಲ ಒಂದೇ ಹದದಲ್ಲಿ ಬೇಯುತ್ತವೆ, ಹಿಂಡಿನಲ್ಲಿ ಸೋಂಕು ಶುರುವಿನಲ್ಲಿ ಎಲ್ಲೋ ಒಂದೆರಡರಲ್ಲಿ ಅಡಗಿರುತ್ತದೆ. ನಿಮ್ಮ ಕೈಗೆ ಸಿಕ್ಕ ಹಂದಿ ಬೇಯದ ಅಗುಳೇ ಆಗಿರಬೇಕೆಂದಿಲ್ಲ.

ಲೆಕ್ಕ ಹೀಗಿದೆ. ದೊಡ್ಡ ಹಿಂಡೊಂದರಲ್ಲಿ ನೂರಕ್ಕೆ ಹತ್ತು ಹಂದಿಗಳಿಗೆ ಸೋಂಕಿದೆ ಎಂದುಕೊಳ್ಳಿ. ಒಂದನ್ನು ಪರೀಕ್ಷಿಸಿದರೆ ಸೋಂಕು ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ 90. ಹತ್ತನ್ನು ಪರೀಕ್ಷಿಸಿದರೂ ನೂರಕ್ಕೆ ಸುಮಾರು 35. ಕಣ್ಣು ಮುಚ್ಚಿ ಆರಿಸಿದ 29 ಹಂದಿಗಳ ಮಾದರಿ ತೆಗೆದರೆ ಆ ಸಾಧ್ಯತೆ ಐದಕ್ಕಿಂತ ಕೆಳಗಿಳಿಯುತ್ತದೆ. ಸೋಂಕು ನೂರಕ್ಕೆ ಐದೇ ಇದ್ದರೆ 59 ಹಂದಿ ಬೇಕು, ಒಂದೇ ಇದ್ದರೆ 299. ರೋಗ ಅಪರೂಪವಾಗಿದ್ದಷ್ಟೂ ಹುಡುಕಾಟ ದುಬಾರಿ. ಹತ್ತು-ಹದಿನೈದು ಹಂದಿ ಸಾಕುವ ಮನೆಯಲ್ಲಿ ಈ ಲೆಕ್ಕದ ಗೋಜೇ ಬೇಡ, ಎಲ್ಲವನ್ನೂ ಪರೀಕ್ಷಿಸಿದರೆ ಆಯಿತು. ‘ಎರಡು ಹಂದಿ ನೋಡಿದೆವು, ರೋಗವಿಲ್ಲ’ ಎಂಬ ಮಾತು ಕಿವಿಗೆ ಬಿದ್ದಾಗ ಈ ಅಂಕಿಗಳನ್ನು ನೆನಪಿಸಿಕೊಳ್ಳಬಹುದು.

ಹಂದಿಯ ರಕ್ತ ತೆಗೆಯುವುದು ದನದ ರಕ್ತ ತೆಗೆದಷ್ಟು ಸಲೀಸಲ್ಲ. ಚರ್ಮದಡಿ ಕೊಬ್ಬು, ರಕ್ತನಾಳ ಕೈಗೆ ಸಿಗದು. ದೊಡ್ಡ ಹಂದಿಯಾದರೆ ಮೇಲಿನ ದವಡೆಗೆ ಹಗ್ಗದ ಕುಣಿಕೆ ಬಿಗಿದು ಒಬ್ಬರು ಹಿಡಿದು ನಿಲ್ಲಬೇಕು. ಅದು ಕಿರುಚಿದರೆ ಓಣಿಯೇ ಕೂಡುತ್ತದೆ. ಹೊರದೇಶಗಳ ದೊಡ್ಡ ಫಾರಂಗಳಲ್ಲಿ ಇದಕ್ಕೊಂದು ಸುಲಭ ಉಪಾಯ ಬಳಕೆಗೆ ಬಂದಿದೆ. ಗೂಡಿನೊಳಗೆ ಹಂದಿಯ ಭುಜದೆತ್ತರಕ್ಕೆ ದಪ್ಪ ಹತ್ತಿಯ ಹಗ್ಗವೊಂದನ್ನು ಇಳಿಬಿಡುತ್ತಾರೆ. ಹಂದಿಗೆ ಕುತೂಹಲ ಜಾಸ್ತಿ. ಮೂಸಿ ನೋಡಿ ಒಂದು ಅಗಿಯತೊಡಗಿದರೆ ಉಳಿದವೂ ನುಗ್ಗಿ ಬರುತ್ತವೆ. ಇಪ್ಪತ್ತು-ಮೂವತ್ತು ನಿಮಿಷದಲ್ಲಿ ಹಗ್ಗ ಜೊಲ್ಲಿನಿಂದ ತೊಯ್ದಿರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಹಿಂಡಿದರೆ ಇಡೀ ಗೂಡಿನ ಮಾದರಿ ಒಂದೇ ಸೀಸೆಯಲ್ಲಿ ಸಿಕ್ಕಿತು. ಸೂಜಿಯಿಲ್ಲ, ಕಿರುಚಾಟವಿಲ್ಲ. ಬೀದಿಯಲ್ಲಿ ಮೇಯುವ ಹಂದಿಗೆ ಈ ಉಪಾಯ ನಡೆಯದು ಎನ್ನುವುದೊಂದೇ ಕೊರತೆ.

ಹೆಸರು ತಪ್ಪಿದರೆ

ಮಾದರಿ ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಪ್ರಶ್ನೆಗಳು ಎರಡು: ವೈರಸ್ಸು ಈಗ ಇದೆಯೇ, ಅಥವಾ ಬಂದು ಹೋದ ಗುರುತಿದೆಯೇ? ಮೊದಲನೆಯದಕ್ಕೆ ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಿತವಾದ ಪಿಸಿಆರ್, ಎರಡನೆಯದಕ್ಕೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆ. ಆಫ್ರಿಕನ್ ಹಂದಿ ಜ್ವರದ ಶಂಕೆಯಿದ್ದರೆ ಭೋಪಾಲದಲ್ಲಿರುವ ರಾಷ್ಟ್ರೀಯ ಅತಿ ಸುರಕ್ಷತಾ ಪಶುರೋಗ ಸಂಸ್ಥೆಯ ದೃಢೀಕರಣಕ್ಕೆ ಕಳಿಸುತ್ತಾರೆ. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸೋಂಕುಶಾಸ್ತ್ರದ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ಯ ಕೆಲಸ ಇನ್ನೊಂದು ಬಗೆಯದು. ಹಳೆಯ ರೋಗ ದಾಖಲೆ ಮತ್ತು ಹವಾಮಾನದ ಲೆಕ್ಕ ಹಾಕಿ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಬರಬಹುದೆಂದು ಅದು ಎರಡು ತಿಂಗಳು ಮುಂಚೆಯೇ ಹೇಳುತ್ತದೆ. ಆ ಲೆಕ್ಕಕ್ಕೆ ಬೇಕಾದ ಕಚ್ಚಾ ಸರಕು ಊರೂರಿನಿಂದ ಹೋಗುವ ವರದಿ. ವರದಿಯಾಗದ ಸಾವು ಅದರ ಪಾಲಿಗೆ ಆಗದ ಸಾವು.

ಪ್ರಯೋಗಾಲಯದ ಮಾತಿಗೆ ಕಾಯದೆ ರೋಗಕ್ಕೆ ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಲೇಷ್ಯಾ ಸಾಕ್ಷಿ. 1998ರಲ್ಲಿ ಅಲ್ಲಿ ಹಂದಿ ಸಾಕುವವರಿಗೆ ಮಿದುಳು ಜ್ವರ ಬರತೊಡಗಿತು. ಹಂದಿ, ಮಿದುಳು ಜ್ವರ ಎರಡೂ ಸೇರಿದ್ದರಿಂದ ಇದು ಜಪಾನೀಸ್ ಎನ್ಸೆಫಲೈಟಿಸ್ಸೇ ಎಂದುಕೊಂಡು ಸೊಳ್ಳೆಗೆ ಹೊಗೆ ಹಾಕಿದರು, ಲಸಿಕೆ ಕೊಟ್ಟರು. ಸಾವು ನಿಲ್ಲಲಿಲ್ಲ. ಸೂಕ್ಷ್ಮವಾಗಿ ನೋಡಿದ್ದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು: ಕಾಯಿಲೆ ಬೀಳುತ್ತಿದ್ದವರು ಮಕ್ಕಳಲ್ಲ, ಹಂದಿಯನ್ನು ನೇರವಾಗಿ ಮುಟ್ಟುತ್ತಿದ್ದ ದುಡಿಯುವ ವಯಸ್ಸಿನ ಗಂಡಸರು. 1999ರಲ್ಲಿ ಅದು ಹೊಸ ವೈರಸ್ಸು ಎಂದು ತಿಳಿಯಿತು. ಒಂದು ಹಳ್ಳಿಯ ಹೆಸರಿನಿಂದ ನಿಫಾ ಎಂದು ಕರೆದರು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು, ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದ ಮೇಲೆ ರೋಗ ಅಡಗಿತು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡ ನಿಫಾ ಬಾವಲಿಯ ದಾರಿಯಿಂದ ಬಂದದ್ದು, ಅದರಲ್ಲಿ ಹಂದಿಯ ಕೈವಾಡವಿಲ್ಲ.

ಬಿಸಿಲೋ, ರೋಗವೋ?

ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ತಿಂಗಳ ಬಿಸಿಲು ಇನ್ನೊಂದು ಗೊಂದಲ ತರುತ್ತದೆ. ಹಂದಿಗೆ ಬೆವರು ಸುರಿಸಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಕೆಸರಿನಲ್ಲಿ ಹೊರಳುವುದು ಅದಕ್ಕೆ ಚಟವಲ್ಲ, ಅಗತ್ಯ. 42 ಡಿಗ್ರಿ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಏದುಸಿರು ಬಿಡುತ್ತ ಬಿದ್ದ ಹಂದಿಯ ಮೈಬಿಸಿಯೂ ಜ್ವರ ಬಂದಷ್ಟೇ ಏರಿರುತ್ತದೆ. ‘ಬಿಸಿಲಿಗೆ ಸತ್ತಿತು’ ಎಂಬ ಮಾತು ಬೇಸಿಗೆಯಲ್ಲಿ ಎಲ್ಲ ಸಾವಿಗೂ ಒಗ್ಗುವುದರಿಂದ ನಿಜವಾದ ರೋಗ ಅದರ ಮರೆಯಲ್ಲಿ ಹಬ್ಬಲು ಅವಕಾಶವಾಗುತ್ತದೆ.

ಗಮನಿಸಿದರೆ ವ್ಯತ್ಯಾಸ ಸಿಗುತ್ತದೆ. ಬಿಸಿಲಿನ ಹೊಡೆತಕ್ಕೆ ಮಧ್ಯಾಹ್ನದ ಹೊತ್ತು ದಪ್ಪ ಹಂದಿಗಳು, ತುಂಬು ಗಬ್ಬದವು ಮೊದಲು ಬೀಳುತ್ತವೆ. ನೆರಳಿಗೆ ತಂದು ಮೈಗೆ ನೀರು ಹಾಕಿದರೆ ಸುಧಾರಿಸಿಕೊಳ್ಳಲೂಬಹುದು. ರೋಗಕ್ಕೆ ಹೊತ್ತು-ಗೊತ್ತಿಲ್ಲ. ನಸುಕಿನ ತಂಪಿನಲ್ಲೂ ಜ್ವರ ಇಳಿಯುವುದಿಲ್ಲ, ಒಂದು ಗೂಡಿನಿಂದ ಪಕ್ಕದ ಗೂಡಿಗೆ ದಿನಗಳ ಅಂತರದಲ್ಲಿ ಸರಿಯುತ್ತ ಹೋಗುತ್ತದೆ. ಬೆಳಿಗ್ಗೆ ಐದೂವರೆಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದು ಇದಕ್ಕೆ ಅಗ್ಗದ ಪರೀಕ್ಷೆ. ಹಂದಿ ಸಾಕುವವರು ಯಾವ ದಿನ ಯಾವ ಹಂದಿ, ಯಾವ ಗೂಡಿನದ್ದು ಸತ್ತಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೂ ಸಾಕು, ಬಂದ ಪಶುವೈದ್ಯರ ಅರ್ಧ ಕೆಲಸ ಮುಗಿದಂತೆ.

ರೋಗ ಒಳಬರುವ ದಾರಿಗಳು

ಹಂದಿಗೆ ಮುಖ್ಯ ಆಹಾರ ಹೋಟೆಲ್, ಖಾನಾವಳಿ, ಹಾಸ್ಟೆಲ್‌ಗಳ ಮುಸುರೆ. ರೈಸ್‌ಮಿಲ್ಲಿನ ತೌಡು ಸಿಕ್ಕರೆ ಹಬ್ಬ. ತೌಡಿನಿಂದ ಭಯವಿಲ್ಲ. ಮುಸುರೆಯಲ್ಲಿ ಹಂದಿ ಮಾಂಸದ ಚೂರು ಸೇರಿದರೆ ಭಯವಿದೆ. ಆಫ್ರಿಕನ್ ಹಂದಿ ಜ್ವರದ ವೈರಸ್ಸು ಉಪ್ಪು ಹಚ್ಚಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ, ಫ್ರೀಜರಿನ ಮಾಂಸದಲ್ಲಿ ಅದಕ್ಕೂ ಹೆಚ್ಚು ಕಾಲ ಬದುಕಿರುತ್ತದೆ. ಮುಸುರೆಯನ್ನು 90 ಡಿಗ್ರಿಯಲ್ಲಿ ಒಂದು ಗಂಟೆ, ತಿರುವುತ್ತ ಕಾಯಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಇರುವುದು ಅದಕ್ಕೆ. ಸೌದೆಗೆ ದುಡ್ಡು ಸುರಿದು ದಿನಾ ಇಷ್ಟು ಕಾಯಿಸುವವರು ಎಷ್ಟು ಮಂದಿ ಎಂಬ ಪ್ರಶ್ನೆ ಇದ್ದೇ ಇದೆ. ಕಾಯಿಸಲಾಗದಿದ್ದರೆ ಮಾಂಸದ ಅಡುಗೆಯ ಉಳಿಕೆಯನ್ನಾದರೂ ಬೇರೆ ಮಾಡಿ ದೂರವಿಡಬೇಕು.

ಎರಡನೆಯ ದಾರಿ, ಹೊಸದಾಗಿ ಕೊಂಡು ತಂದ ಹಂದಿ. ಸೋಂಕು ತಗುಲಿ ಲಕ್ಷಣ ಕಾಣಿಸಲು ಆಫ್ರಿಕನ್ ಹಂದಿ ಜ್ವರದಲ್ಲಿ ನಾಲ್ಕರಿಂದ ಹತ್ತೊಂಬತ್ತು ದಿನ ಹಿಡಿಯಬಹುದು. ಸಂತೆಯಲ್ಲಿ ಚುರುಕಾಗಿದ್ದ ಹಂದಿ ಮನೆಗೆ ಬಂದು ಎರಡು ವಾರದ ಮೇಲೆ ಮಲಗಬಹುದು. ತಂದದ್ದನ್ನು ತಿಂಗಳ ಕಾಲ ಬೇರೆ ಗೂಡಿನಲ್ಲಿಟ್ಟು, ಅದರ ಕೆಲಸವನ್ನು ದಿನದ ಕೊನೆಗೆ ಮಾಡಿ, ಬಕೆಟ್ಟು-ಸಲಿಕೆಯನ್ನೂ ಬೇರೆ ಇಟ್ಟರೆ ಹಳೆಯ ಹಿಂಡು ಉಳಿಯುತ್ತದೆ. ಬಳ್ಳಾರಿ, ರಾಯಚೂರು ಆಂಧ್ರ, ತೆಲಂಗಾಣಗಳ ಗಡಿಗೆ ಅಂಟಿಕೊಂಡಿವೆ. ಆದವಾನಿ, ಗುಂತಕಲ್ಲು, ಗದ್ವಾಲ ಕಡೆಯ ವ್ಯಾಪಾರಿಗಳು ಬಂದು ಹೋಗುವುದು ಇಲ್ಲಿ ನಿತ್ಯದ ಮಾತು. ಒಂದೇ ಲಾರಿ ಹತ್ತೂರು ಸುತ್ತಿ ಹಂದಿ ತುಂಬುತ್ತದೆ, ಅದರ ನೆಲದ ಸಗಣಿ ಮಾತ್ರ ಇಳಿಯುವುದಿಲ್ಲ.

ಬಿಳಿ ಪುಡಿಯ ಬಗ್ಗೆಯೂ ಒಂದು ಮಾತು. ಎಲ್ಲೋ ಹಂದಿ ಸತ್ತರೆ ಬ್ಲೀಚಿಂಗ್ ಪುಡಿಯ ಗೆರೆ ಎಳೆದು ಫೋಟೊ ತೆಗೆಸಿಕೊಳ್ಳುವುದು ರೂಢಿ. ಒಣ ಪುಡಿಯನ್ನು ಸಗಣಿಯ ಮೇಲೆ ಚೆಲ್ಲಿದರೆ ವೈರಸ್ಸಿಗೆ ತಾಕುವುದಿಲ್ಲ, ಕೊಳೆಯೇ ಅದರ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಮೊದಲು ಕೆರೆದು, ಸೋಪಿನ ನೀರಿನಲ್ಲಿ ತೊಳೆದು, ಆಮೇಲೆ ಬ್ಲೀಚಿಂಗ್ ದ್ರಾವಣ ಹಾಕಿ ಅರ್ಧ ಗಂಟೆ ಒದ್ದೆಯಾಗಿಯೇ ಬಿಡಬೇಕು.

ರೋಗ ದೃಢಪಟ್ಟರೆ

2020ರ ರಾಷ್ಟ್ರೀಯ ಕ್ರಿಯಾ ಯೋಜನೆಯ ಪ್ರಕಾರ ಆಫ್ರಿಕನ್ ಹಂದಿ ಜ್ವರ ದೃಢಪಟ್ಟ ಜಾಗದ ಸುತ್ತ ಒಂದು ಕಿಲೋಮೀಟರ್ ಸೋಂಕಿತ ವಲಯ, ಹತ್ತು ಕಿಲೋಮೀಟರ್ ಕಣ್ಗಾವಲು ವಲಯ. ಒಳವಲಯದ ಹಂದಿಗಳನ್ನೆಲ್ಲ, ಆರೋಗ್ಯವಾಗಿರುವುದನ್ನೂ ಸೇರಿಸಿ, ಕೊಲ್ಲುತ್ತಾರೆ. ಹೊರವಲಯದಲ್ಲಿ ಹಂದಿ, ಮಾಂಸ, ಮೇವಿನ ಸಾಗಾಟ ನಿಲ್ಲಿಸಿ ಮಾದರಿ ತೆಗೆಯುತ್ತಾರೆ. ಚೆನ್ನಾಗಿರುವುದನ್ನು ಯಾಕೆ ಕೊಲ್ಲಬೇಕು ಎಂಬ ಸಾಕಣೆದಾರರ ಸಂಕಟ ಅರ್ಥವಾಗುವಂಥದ್ದೇ. ಸೋಂಕು ತಗುಲಿಯೂ ಇನ್ನೂ ಲಕ್ಷಣ ತೋರಿಸದ ಹಂದಿ ಯಾವುದೆಂದು ಹೊರಗಿನಿಂದ ಗೊತ್ತಾಗದಿರುವುದು ಅದಕ್ಕೆ ಕಾರಣ. ಕೊಂದ ಹಂದಿಗೆ ತೂಕದ ಪ್ರಕಾರ ಪರಿಹಾರವಿದೆ, ಅದನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ರೋಗದಿಂದ ತಾನಾಗಿ ಸತ್ತದ್ದಕ್ಕೆ ಈ ಪರಿಹಾರ ಅನ್ವಯಿಸುವುದಿಲ್ಲ. ಅಂದರೆ ಮುಚ್ಚಿಟ್ಟು ಹತ್ತು ದಿನ ಕಳೆದವರು ಹಂದಿಯನ್ನೂ ಕಳೆದುಕೊಳ್ಳುತ್ತಾರೆ, ಹಣವನ್ನೂ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆಯಂತೆ ಶಂಕೆ ಬಂದ ಕೂಡಲೇ ತಿಳಿಸುವುದು, ಕಾಯಿಲೆಯ ಪ್ರಾಣಿಯನ್ನು ಬೇರೆ ಕಟ್ಟುವುದು ಮಾಲೀಕರ ಕರ್ತವ್ಯವೂ ಹೌದು.

ಹೂಳುವ ಕೆಲಸ ಈ ನೆಲದಲ್ಲಿ ಇನ್ನಷ್ಟು ಕಠಿಣ. ಕಾಲುವೆ ಕೆಳಗಿನ ಸವಳು-ಜವಳು ಭೂಮಿಯಲ್ಲಿ ನಾಲ್ಕಡಿ ಅಗೆದರೆ ನೀರು ಒಸರುತ್ತದೆ. ಹಾಗಾಗಿ ಎತ್ತರದ ಗಟ್ಟಿ ನೆಲವನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಬೇಕು, ಆಳದ ಗುಂಡಿಗೆ ಸುಣ್ಣ ಹಾಕಿ, ನಾಯಿ ಕೆದಕದಂತೆ ಮುಚ್ಚಬೇಕು. ಸತ್ತ ಹಂದಿಯನ್ನು ರಾತ್ರೋರಾತ್ರಿ ಕಾಲುವೆಗೆ ಎಸೆದರೆ ಅದು ಕೊನೆಭಾಗದ ಹಳ್ಳಿಗಳ ಕುಡಿಯುವ ನೀರಿನ ಕೆರೆಯ ಕಡೆಗೇ ಸಾಗುತ್ತದೆ. ಗುಂಡಿಯ ಪಕ್ಕದಲ್ಲಿ ಹೊಟ್ಟೆ ಸೀಳಿ ನೋಡುವ ಆಸೆಯನ್ನೂ ಬಿಡಬೇಕು, ಒಂದು ಹನಿ ರಕ್ತದಲ್ಲಿ ವೈರಸ್ಸು ಕಿಕ್ಕಿರಿದಿರುತ್ತದೆ. ಗೂಡು ತೊಳೆದು, ಕೆಲವು ಕಾಲ ಖಾಲಿ ಬಿಟ್ಟ ಮೇಲೆ ಮೊದಲು ಕೆಲವೇ ಹಂದಿಗಳನ್ನು ಬಿಟ್ಟು ವಾರಗಟ್ಟಲೆ ನೋಡುತ್ತಾರೆ. ಅವುಗಳ ರಕ್ತದಲ್ಲಿ ಏನೂ ಸಿಗದಿದ್ದರೆ ಮಾತ್ರ ಹೊಸ ಹಿಂಡು.

ಬೀದಿಯ ಹಂದಿಗೆ ಯಾರು ದಿಕ್ಕು?

ಈವರೆಗೆ ಹೇಳಿದ್ದರಲ್ಲಿ ಬಹುಪಾಲು ಗೂಡಿನಲ್ಲಿರುವ ಹಂದಿಗೆ ಅನ್ವಯ. ಬೀದಿ ಹಂದಿಗಳಲ್ಲೂ ಹೆಚ್ಚಿನವಕ್ಕೆ ಮಾಲೀಕರಿರುತ್ತಾರೆ. ನಗರಸಭೆಯವರು ಹಿಡಿಯಲು ಬಂದ ದಿನ ಅವರು ಪ್ರತ್ಯಕ್ಷರಾಗುತ್ತಾರೆ, ಹಂದಿ ಸತ್ತ ದಿನ ಇರುವುದಿಲ್ಲ. ತಪ್ಪು ಒಂದೇ ಕಡೆಯದ್ದಲ್ಲ: ಗೂಡು ಕಟ್ಟಲು ಜಾಗವಿಲ್ಲದ, ಹಂದಿ ಬಿಟ್ಟರೆ ಬೇರೆ ಆದಾಯವಿಲ್ಲದ ಕುಟುಂಬಗಳಿಗೆ ಬೇಲಿ ಹಾಕಿ ಎಂದು ಹೇಳುವುದು ಸುಲಭ. ಹಿಡಿದ ಹಂದಿಯನ್ನು ಇನ್ನೊಂದು ಊರಿನ ಹೊರವಲಯದಲ್ಲಿ ಬಿಟ್ಟು ಬಂದರೆ ಊರು ಸ್ವಚ್ಛವಾದಂತೆ ಕಂಡರೂ ರೋಗದ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಕೆಲಸವಿಲ್ಲ, ಸೋಂಕಿಗೆ ಸರ್ಕಾರಿ ಖರ್ಚಿನಲ್ಲಿ ಸವಾರಿ ಸಿಕ್ಕಂತಾಗುತ್ತದೆ. ನೀರು ಬಿಡುವ ಹಂಗಾಮಿನಲ್ಲಿ ಹಂದಿಗಳನ್ನು ಮನೆ, ಶಾಲೆ, ಅಂಗನವಾಡಿಗಳಿಂದ ದೂರ ಇರಿಸುವುದು, ಗೂಡಿಗೆ ಸೊಳ್ಳೆ ಪರದೆ ಕಟ್ಟುವುದು ಮಿದುಳು ಜ್ವರದ ಮಟ್ಟಿಗೆ ಉಪಯೋಗಕ್ಕೆ ಬರುವ ಕ್ರಮಗಳು.

ಮಾಂಸ ತಿನ್ನುವವರಿಗೆ: ಮೇಲೆ ಹೇಳಿದ ಎರಡು ಹಂದಿ ಜ್ವರಗಳು ತಟ್ಟೆಯಿಂದ ಬರುವುದಿಲ್ಲ. ಅರೆಬೆಂದ ಮಾಂಸದಿಂದ ಬರುವುದು ಲಾಡಿಹುಳು, ಚೆನ್ನಾಗಿ ಬೇಯಿಸಿದರೆ ಅದೂ ಇಲ್ಲ. ಸತ್ತ ಹಂದಿಯನ್ನು ಅಗ್ಗಕ್ಕೆ ಮಾರಿದರೆ ಕೊಳ್ಳದಿರುವುದು ಒಳ್ಳೆಯದು. ನಿಮಗೆ ಆಫ್ರಿಕನ್ ಜ್ವರ ಬರದಿದ್ದರೂ ನಿಮ್ಮ ಮನೆಯ ಮೂಳೆ ತಿಪ್ಪೆಗೆ ಹೋಗಿ ಮುಂದಿನ ಓಣಿಯ ಹಂದಿಯ ಬಾಯಿಗೆ ಬೀಳುತ್ತದೆ.

ಒಂದಕ್ಕಿಂತ ಹೆಚ್ಚು ಹಂದಿ ಸತ್ತದ್ದು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ತಿಳಿಸಬಹುದು. ಹೇಳಬೇಕಾದದ್ದು ಇಷ್ಟು: ಯಾವ ಊರು, ಯಾವ ಓಣಿ, ಎಷ್ಟು ದಿನದಲ್ಲಿ ಎಷ್ಟು ಸತ್ತವು, ದೊಡ್ಡವೋ ಮರಿಗಳೋ, ಬದುಕಿರುವವು ಮೇವು ತಿನ್ನುತ್ತಿವೆಯೋ ಇಲ್ಲವೋ, ಯಾವುದಾದರೂ ಹಂದಿ ಈಚೆಗೆ ಕಂದು ಹಾಕಿದೆಯೇ, ಹೊಸ ಹಂದಿ ತಂದು ಎಷ್ಟು ದಿನವಾಯಿತು. ವೈದ್ಯರು ಬರುವವರೆಗೆ ಸತ್ತದ್ದನ್ನು ಎಳೆದಾಡದೆ, ನಾಯಿ ಮುಟ್ಟದಂತೆ ತಾಡಪಾಲು ಹೊದಿಸಿಟ್ಟರೆ ಮಾದರಿ ಕೆಡುವುದಿಲ್ಲ.